ಮಹಾಮಾರಿಯ ಕಾಲದ ಲಸಿಕೆ: ವಿಮಾ ಕಾನೂನು ಮೌನ ಮುರಿಯಬೇಕು

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್, ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿಯನ್ನೂ ಬಿಡಲಿಲ್ಲ. 1897ರ ಸಾಂಕ್ರಾಮಿಕ ರೋಗಗಳ ಅಧಿನಿಯಮ ಜನಿಸಿದ್ದು ಆ ಪಿಡುಗಿನ ಹಿನ್ನೆಲೆಯಲ್ಲಿಯೇ. ಮುಂದೆ ಸಿಡುಬಿನ ಲಸಿಕೆ ತಯಾರಾದ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಇಂದಿಗೂ ನಗರದ ಹೆಗ್ಗುರುತಾಗಿದೆ. 2020ರಲ್ಲಿ ಕೋವ್ಯಾಕ್ಸಿನ್‌ನ ಮಾನವ ಪ್ರಯೋಗ ನಡೆದ ಕೇಂದ್ರಗಳಲ್ಲಿ ಬೆಳಗಾವಿಯೂ ಒಂದಾಗಿತ್ತು. ಲಸಿಕೆಯೊಡನೆ ಇಷ್ಟು ದೀರ್ಘ ನಂಟುಳ್ಳ ಈ ನಗರದ ಉದ್ಯಮಿಗಳು ಒಂದು ಪ್ರಶ್ನೆಯನ್ನು ಎತ್ತುವುದು ಯುಕ್ತವಾಗಿದೆ: ಮಹಾಮಾರಿಯ ಕಾಲದಲ್ಲಿ ಲಸಿಕೆಯ ವೆಚ್ಚ ಆರೋಗ್ಯ ವಿಮೆಯ ವ್ಯಾಪ್ತಿಗೆ ಬರಬೇಕೆ?

ನಮ್ಮಲ್ಲಿನ ಆರೋಗ್ಯ ವಿಮೆ ಮೂಲತಃ ಆಸ್ಪತ್ರೆ ವಾಸದ ವಿಮೆ. ಬಹುತೇಕ ಪಾಲಿಸಿಗಳು ಮುಂಜಾಗ್ರತಾ ಲಸಿಕೆಯನ್ನು ಹೊರಗಿಟ್ಟಿವೆ. 2020ರ ಜುಲೈನಲ್ಲಿ ಬಂದ ‘ಕೊರೊನಾ ಕವಚ’ವೂ ಚಿಕಿತ್ಸೆಗೇ ಮೀಸಲಾಗಿತ್ತು. ಲಸಿಕೆಯ ಪ್ರತಿಕೂಲ ಪರಿಣಾಮದಿಂದ ಆಸ್ಪತ್ರೆ ಸೇರಿದರೆ ಆ ಖರ್ಚು ವಿಮೆಗೆ ಸೇರುತ್ತದೆಂದು ನಿಯಂತ್ರಣ ಪ್ರಾಧಿಕಾರವು 2021ರಲ್ಲಿ ಸ್ಪಷ್ಟಪಡಿಸಿತು. ಆದರೆ ಲಸಿಕೆಯ ಬೆಲೆ ಮಾತ್ರ ಹೊರಗೇ ಉಳಿಯಿತು. ರೋಗ ಬಂದರೆ ಲಕ್ಷ ರೂಪಾಯಿ ಕೊಡುವ ವಿಮೆ, ರೋಗ ತಡೆಯುವ ಸಾವಿರ ರೂಪಾಯಿಗೆ ಕೈಮುಚ್ಚಿ ಕುಳಿತಿತು.

ಸರ್ಕಾರವೇ ಉಚಿತವಾಗಿ ಲಸಿಕೆ ಕೊಟ್ಟಿತಲ್ಲವೆ ಎಂಬ ವಾದವುಂಟು. ನಿಜ, ಆದರೆ ಅದು ಪೂರ್ಣ ಸತ್ಯವಲ್ಲ. 2021ರ ಮೇ ತಿಂಗಳಲ್ಲಿ ಲಸಿಕೆಯ ಕೊರತೆಯಿಂದ 18ರಿಂದ 44 ವಯೋಮಾನದವರಿಗೆ ಲಸಿಕೆ ನೀಡುವುದನ್ನು ಕರ್ನಾಟಕದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅದೇ ವರ್ಷದ ಜೂನ್‌ನಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಕೋವಿಶೀಲ್ಡ್‌ನ ಗರಿಷ್ಠ ದರ ಡೋಸೊಂದಕ್ಕೆ ರೂ. 780 ಎಂದು ನಿಗದಿಯಾಯಿತು. ಉದ್ಯಮಬಾಗದ ಫೌಂಡ್ರಿಯೊಂದು ತನ್ನ 20 ಕಾರ್ಮಿಕರಿಗೆ ಈ ದರದಲ್ಲಿ ಎರಡು ಡೋಸ್ ಹಾಕಿಸಿದರೆ ರೂ. 31,200 ಆಗುತ್ತಿತ್ತು. 2022ರ ಏಪ್ರಿಲ್ 10ರಿಂದ ಜುಲೈ 15ರವರೆಗೆ 18ರಿಂದ 59 ವಯಸ್ಸಿನ ಸಾಮಾನ್ಯ ನಾಗರಿಕರು ಮುನ್ನೆಚ್ಚರಿಕೆ ಡೋಸಿಗೆ ಖಾಸಗಿ ಕೇಂದ್ರಗಳಲ್ಲಿ ಹಣ ತೆರಬೇಕಾಯಿತು. ಖಾನಾಪುರದ ಹೆಂಚಿನ ಕಾರ್ಖಾನೆಯ ಕೂಲಿಕಾರನಿಗೆ ಹಣದ ಜೊತೆಗೆ ಒಂದು ದಿನದ ದುಡಿಮೆಯೂ ಹೋಗುವ ಬಾಬತ್ತು ಅದು.

ಅಮೆರಿಕದಲ್ಲಿ 2020ರ ಮಾರ್ಚ್‌ನ ಕೇರ್ಸ್ ಕಾಯಿದೆಯು ಬೇರೆ ಮಾರ್ಗ ಹಿಡಿಯಿತು. ಸಲಹಾ ಸಮಿತಿ ಕೋವಿಡ್ ಲಸಿಕೆಯನ್ನು ಶಿಫಾರಸು ಮಾಡಿದ 15 ಕೆಲಸದ ದಿನಗಳೊಳಗೆ ಬಹುತೇಕ ಖಾಸಗಿ ಆರೋಗ್ಯ ವಿಮೆಗಳು ಅದನ್ನು ವಿಮಾದಾರರಿಗೆ ಹೊರೆಯಿಲ್ಲದೆ ಭರಿಸಬೇಕೆಂದು ವಿಧಿಸಿತು. ನಮ್ಮಲ್ಲಿ 2020ರ ಏಪ್ರಿಲ್ 15ರ ಕೇಂದ್ರ ಗೃಹ ಇಲಾಖೆಯ ಆದೇಶವು ಕಾರ್ಮಿಕರಿಗೆ ವೈದ್ಯಕೀಯ ವಿಮೆಯನ್ನು ಕಡ್ಡಾಯವೆಂದಿತು. ಲಸಿಕೆಯ ಪ್ರಸ್ತಾಪ ಅದರಲ್ಲಿರಲಿಲ್ಲ.

ವಿಮಾ ಸಂಸ್ಥೆಗಳ ಆಕ್ಷೇಪವನ್ನೂ ತೂಗಿ ನೋಡಬೇಕು. ಅನಿಶ್ಚಿತ ನಷ್ಟಕ್ಕೆ ವಿಮೆ. ಎಲ್ಲರೂ ಹಾಕಿಸಿಕೊಳ್ಳುವ ಲಸಿಕೆ ನಿಶ್ಚಿತ ವೆಚ್ಚ, ಅದು ಕೊನೆಗೆ ವಿಮಾ ಕಂತಿಗೇ ಸೇರುತ್ತದೆ ಎಂಬುದು ಅವುಗಳ ವಾದ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ತಿರುಳಿದೆ. ಆದರೆ ಮಹಾಮಾರಿಯ ಆಗಮನವೇ ಅನಿಶ್ಚಿತವಾದುದು. ಮೇಲಾಗಿ ಲಸಿಕೆಗೆ ಕೊಟ್ಟ ಹಣ ಆಸ್ಪತ್ರೆಯ ಕ್ಲೇಮುಗಳನ್ನು ತಗ್ಗಿಸುತ್ತದೆ. ಆದ್ದರಿಂದ ಕಾನೂನಿನ ವ್ಯಾಪ್ತಿ ಸೀಮಿತವಾಗಿರಲಿ. ಸರ್ಕಾರ ಮಹಾಮಾರಿಯೆಂದು ಅಧಿಸೂಚಿಸಿದ ಅವಧಿಗೆ ಮಾತ್ರ, ನಿಗದಿತ ಗರಿಷ್ಠ ದರಕ್ಕೆ ಒಳಪಟ್ಟು ಪಾವತಿಯಾಗಲಿ; ಅದರಿಂದ ವಿಮಾ ಮೊತ್ತವಾಗಲಿ ಬೋನಸ್ ಆಗಲಿ ಕಡಿತವಾಗದಿರಲಿ.

ಸಣ್ಣ ಉದ್ದಿಮೆದಾರರಿಗೆ ಇಲ್ಲಿ ಮತ್ತೊಂದು ಹಿತವಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ವಿನಾಯಿತಿ ದೊರೆತರೂ ಗುಂಪು ಪಾಲಿಸಿಗಳಿಗೆ ದೊರೆಯಲಿಲ್ಲ. ಕೇಂದ್ರ ಜಿಎಸ್‌ಟಿ ಕಾಯಿದೆಯ ಕಲಂ 17(5)ರ ಪ್ರಕಾರ ಆರೋಗ್ಯ ವಿಮೆಯ ಮೇಲಿನ ತೆರಿಗೆಗೆ ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಇಲ್ಲ. ಯಾವುದೇ ಕಾನೂನು ಮಾಲೀಕನಿಗೆ ಅದನ್ನು ಕಡ್ಡಾಯಗೊಳಿಸಿದ್ದರೆ ಮಾತ್ರ ಉಂಟು. ಸುತ್ತೋಲೆಗಳ ಬದಲು ಸ್ಪಷ್ಟ ಕಾನೂನಿದ್ದರೆ ಕರ್ತವ್ಯದೊಡನೆ ಕ್ರೆಡಿಟ್ಟೂ ಖಚಿತವಾಗುತ್ತದೆ.

ವಿಮೆಯು ಕೇಂದ್ರ ಪಟ್ಟಿಯ ವಿಷಯವಾದ್ದರಿಂದ ಈ ಕಾನೂನನ್ನು ಸಂಸತ್ತೇ ಮಾಡಬೇಕು. ಪಾಲಿಸಿಯೇ ಇಲ್ಲದ ಕಾರ್ಮಿಕರಿಗೆ ಸರ್ಕಾರದ ಉಚಿತ ಲಸಿಕೆ ಮುಂದುವರಿಯಲೇಬೇಕು. ವಿಮೆ ಅದಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ. ಪಿಡುಗು ಬಾಗಿಲಿಗೆ ಬಂದಾಗ ಬಾವಿ ತೋಡುವುದಕ್ಕಿಂತ, ಸಾವಧಾನದ ಈ ಕಾಲದಲ್ಲಿಯೇ ವಾಣಿಜ್ಯ ಸಂಘಗಳು ಜಿಲ್ಲೆಯ ಸಂಸದರ ಮುಂದೆ ಈ ಬೇಡಿಕೆಯನ್ನು ಮಂಡಿಸುವುದು ವಿಹಿತ.