ಕಾಯುವುದು ಸಂಯಮವೇ?

ಬಿಡಿಭಾಗಗಳನ್ನು ಕೊಂಡು ತಂದು ಮನೆಯಲ್ಲಿಯೇ ಗಣಕಯಂತ್ರವನ್ನು ಜೋಡಿಸಿಕೊಳ್ಳುವ ರೂಢಿ ನಮ್ಮ ಸಮಾಜದ ಯುವಕರಲ್ಲಿ ಬೆಳೆದು ಎಷ್ಟೋ ವರ್ಷಗಳಾದವು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಿ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಂಪಿಎಸ್, ಕ್ಯಾಬಿನೆಟ್‌ಗಳನ್ನು ತಂದು ಊಟದ ಮೇಜಿನ ಮೇಲೆ ಹರಡಿ ಕುಳಿತ ಮಕ್ಕಳನ್ನು ಕಂಡರೆ ನನಗೆ ಸಂತೋಷವೇ ಆಗುತ್ತದೆ. ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಇಡೀ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ. ಆದರೆ ಈ ರೂಢಿಯ ಬೆನ್ನಿಗೇ ಒಂದು ಉಪದೇಶವೂ ನಮ್ಮ ಮನೆಗಳನ್ನೂ ಬಸದಿಗಳ ಟ್ರಸ್ಟ್ ಸಭೆಗಳನ್ನೂ ಹೊಕ್ಕು ಕುಳಿತಿದೆ. “ಈಗಲೇ ಕೊಳ್ಳಬೇಡಿ, ಇನ್ನಾರು ತಿಂಗಳು ತಡೆಯಿರಿ. ಹೊಸದು ಬರುತ್ತದೆ, ಹಳೆಯದರ ಬೆಲೆ ಇಳಿಯುತ್ತದೆ” ಎಂಬುದೇ ಆ ಉಪದೇಶ. ಇದನ್ನು ಮಿತವ್ಯಯವೆಂದು ಹೊಗಳುವವರಿದ್ದಾರೆ. ಅಪರಿಗ್ರಹದ ಹೆಸರಿನಿಂದ ಕರೆಯುವವರೂ ಇದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಒಪ್ಪದಿರುವುದಕ್ಕೆ ಕಾರಣ ನನ್ನದೇ ಒಂದು ತಪ್ಪು. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಮ್ಮೂರಿನ ಬಸದಿಯಲ್ಲಿ ಮುನ್ನೂರಕ್ಕೂ ಮಿಕ್ಕು ಓಲೆಗರಿಯ ಕಟ್ಟುಗಳಿವೆ. ನಿವೃತ್ತ ಅಧ್ಯಾಪಕರೊಬ್ಬರು ಯಾವ ಸಂಭಾವನೆಯನ್ನೂ ಬಯಸದೆ 2017ರಿಂದ ಪ್ರತಿದಿನ ಮಧ್ಯಾಹ್ನ ಬಂದು ಕುಳಿತು ಒಂದೊಂದೇ ಕಟ್ಟನ್ನು ಬಿಚ್ಚಿ, ಗ್ರಂಥದ ಹೆಸರು, ಗರಿಗಳ ಸಂಖ್ಯೆ, ಪ್ರತಿಕಾರನ ಹೆಸರು, ಕೊನೆಯ ಪುಷ್ಪಿಕೆಯ ವಿವರಗಳನ್ನು ಬಸದಿಯ ಹಳೆಯ ಗಣಕಯಂತ್ರದಲ್ಲಿ ದಾಖಲಿಸುತ್ತಿದ್ದರು. ಆ ಯಂತ್ರ ಯಾರೋ ದಾನವಾಗಿ ಕೊಟ್ಟದ್ದು. ಪಟ್ಟಿ ತೆರೆಯಲು ಅದು ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಅಧ್ಯಾಪಕರು ಒಂದು ಸುತ್ತು ಪ್ರದಕ್ಷಿಣೆ ಮುಗಿಸಿ ಬರುತ್ತಿದ್ದರು. 2019ರ ದೀಪಾವಳಿಯ ತರುವಾಯ ಹೊಸ ಯಂತ್ರವೊಂದನ್ನು ಜೋಡಿಸಲು ಸುಮಾರು 38,000 ರೂಪಾಯಿಗಳ ಕೊಟೇಶನ್ ಸಭೆಯ ಮುಂದೆ ಬಂತು. ಹಣವಿತ್ತು. ಜೋಡಿಸಿಕೊಡುವ ಹುಡುಗನೂ ಇದ್ದ. ಆದರೆ ಬರುವ ವರ್ಷ ಹೊಸ ಪ್ರೊಸೆಸರುಗಳು ಬರಲಿವೆಯೆಂದು ಅದೇ ಹುಡುಗ ಹೇಳಿದ. ಬೆಲೆ ಇಳಿಯಲಿ ಎಂದರು ಕೋಶಾಧಿಕಾರಿಗಳು. ದೇವರ ದುಡ್ಡಿನ ವಿಷಯದಲ್ಲಿ ಅವಸರ ಸಲ್ಲದೆಂದು ಗಂಭೀರವಾಗಿ ನುಡಿದು, ಮುಂದೂಡುವ ಪರವಾಗಿ ಕೈಯೆತ್ತಿದವನು ನಾನು. ನಡವಳಿ ಪುಸ್ತಕದಲ್ಲಿ ಅದು ಇಂದಿಗೂ ಇದೆ.

2020ರಲ್ಲಿ ಹೊಸ ಪ್ರೊಸೆಸರುಗಳು ಬಂದವು. ಅಷ್ಟರಲ್ಲಿ ಮಹಾಮಾರಿ ಹಬ್ಬಿತ್ತು. ಸರಕಿನ ಸಾಗಣೆ ಕೆಟ್ಟು, ಗ್ರಾಫಿಕ್ಸ್ ಕಾರ್ಡುಗಳ ಬೆಲೆ ಗಗನಕ್ಕೇರಿತ್ತು. ನಮ್ಮ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡೇ ಬೇಕಿರಲಿಲ್ಲವೆಂಬುದು ಯಾರಿಗೂ ಹೊಳೆಯಲಿಲ್ಲ. “ಈಗ ಬೆಲೆ ಏರಿದೆಯಂತೆ” ಎಂಬ ಒಂದು ಮಾತಿಗೆ ಮತ್ತೆ ಮುಂದೂಡಿದೆವು. 2021ರ ಬೇಸಿಗೆಯಲ್ಲಿ ಎರಡನೆಯ ಅಲೆ ಅಧ್ಯಾಪಕರನ್ನು ಕೊಂಡೊಯ್ದಿತು. ಅದೇ ಮಳೆಗಾಲದಲ್ಲಿ ಹಳೆಯ ಯಂತ್ರದ ಹಾರ್ಡ್ ಡಿಸ್ಕ್ ಟಿಕ್‌ಟಿಕ್ ಎಂದು ಎರಡು ದಿನ ಸದ್ದು ಮಾಡಿ ನಿಂತುಹೋಯಿತು. 2018ರಲ್ಲಿ ಪೆನ್‌ಡ್ರೈವಿಗೆ ಇಳಿಸಿಟ್ಟಿದ್ದ ಪಟ್ಟಿಯಷ್ಟೇ ಉಳಿದದ್ದು. ಪ್ರತಿ ತೆಗೆದಿಡಬೇಕಿತ್ತು ಎನ್ನುವಿರಿ, ನಿಜ. “ಹೇಗೂ ಹೊಸ ಯಂತ್ರ ಬರುತ್ತದಲ್ಲ, ಆಗ ಎಲ್ಲವನ್ನೂ ಒಟ್ಟಿಗೇ ವರ್ಗಾಯಿಸೋಣ” ಎಂದು ಅವರಿಗೆ ಹೇಳಿದವರೂ ನಾವೇ. ಜೀರ್ಣವಾದ ಗರಿಗಳಲ್ಲಿ ಅವರ ಕಣ್ಣಿಗೆ ಮಾತ್ರ ಕಂಡಿದ್ದ ಅಕ್ಷರಗಳನ್ನು ಮತ್ತೆ ಓದಿಕೊಡುವವರು ನಮ್ಮೂರಿನಲ್ಲಿ ಈಗ ಇಲ್ಲ.

ಆದ್ದರಿಂದ ಕಾಯುವವರ ವಾದವನ್ನು ಸ್ವಲ್ಪ ಕಟುವಾಗಿಯೇ ಪರಿಶೀಲಿಸುವ ಅಧಿಕಾರ ನನಗಿದೆಯೆಂದು ಭಾವಿಸುತ್ತೇನೆ.

ಬೆಲೆ ಸದಾ ಇಳಿಯುತ್ತದೆ ಎಂಬುದು ಅವರ ಮೊದಲ ನಂಬಿಕೆ. ಇದಕ್ಕೆ ಮೂರ್ ಅವರ ನಿಯಮವನ್ನು ಆಧಾರವಾಗಿ ತೋರಿಸುವುದುಂಟು. ಗಾರ್ಡನ್ ಮೂರ್ 1965ರಲ್ಲಿ ಹೇಳಿದ್ದು ಒಂದು ಚಿಪ್ಪಿನ ಮೇಲೆ ಕೂರಿಸಬಹುದಾದ ಘಟಕಗಳ ಸಂಖ್ಯೆ ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆಂದು. 1975ರಲ್ಲಿ ಅವರೇ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ಇಂಥ ತಿಂಗಳಲ್ಲಿ ಇಂಥ ಅಂಗಡಿಯಲ್ಲಿ ಬೆಲೆ ಇಳಿದೀತೆಂಬ ಆಶ್ವಾಸನೆ ಅದರಲ್ಲಿ ಎಲ್ಲಿಯೂ ಇಲ್ಲ. 1993ರ ಜುಲೈಯಲ್ಲಿ ಜಪಾನಿನ ನಿಹಾಮದಲ್ಲಿ ಸುಮಿಟೊಮೊ ಕೆಮಿಕಲ್‌ನ ಒಂದು ಕಾರ್ಖಾನೆ ಸ್ಫೋಟಗೊಂಡಿತು. ಚಿಪ್ಪುಗಳನ್ನು ಮುಚ್ಚುವ ರಾಳ ಅಲ್ಲಿ ತಯಾರಾಗುತ್ತಿದ್ದುದರಿಂದ ಲೋಕದಾದ್ಯಂತ ಮೆಮೊರಿಯ ಬೆಲೆ ಜಿಗಿಯಿತು. 2011ರಲ್ಲಿ ಥಾಯ್ಲೆಂಡಿನ ನೆರೆ ಹಾರ್ಡ್ ಡಿಸ್ಕ್ ಕಾರ್ಖಾನೆಗಳನ್ನು ಮುಳುಗಿಸಿತು. ಇಲ್ಲಿ ನಮ್ಮ ಅಂಗಡಿಗಳಲ್ಲಿ ಡಿಸ್ಕುಗಳು ದುಬಾರಿಯಾದವು. 2020ರಿಂದ 2022ರವರೆಗೆ ಗ್ರಾಫಿಕ್ಸ್ ಕಾರ್ಡುಗಳನ್ನು ಈಥೀರಿಯಮ್ ನಾಣ್ಯದ ಗಣಿಗಾರರು ರಾಶಿರಾಶಿಯಾಗಿ ಕೊಂಡರು. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯದ ವ್ಯವಸ್ಥೆಯೇ ಬದಲಾದ ಮೇಲೆ ಆ ಗಣಿಗಾರಿಕೆ ನಿಂತಿತು. 2025ರ ಕೊನೆಯ ತಿಂಗಳುಗಳಲ್ಲಿಯಂತೂ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿಯನ್ನೆಲ್ಲ ಸೆಳೆದುಕೊಂಡು, ರ‍್ಯಾಮ್ ಬೆಲೆ ಕಂಡರಿಯದಂತೆ ಏರಿತು. ಕ್ರೂಷಿಯಲ್ ಎಂಬ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ಕೈಬಿಡುವುದಾಗಿ ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ ಸಾರಿತು. ಆ ವರ್ಷದ ಬೇಸಿಗೆಯಲ್ಲಿ “ದೀಪಾವಳಿಗೆ ಅಗ್ಗವಾಗುತ್ತದೆ” ಎಂದು ಕಾದವರ ಲೆಕ್ಕ ಏನಾಯಿತು? ಈ ಒಂದೊಂದು ಏರಿಕೆಯನ್ನೂ ಯಾವ ಪಂಚಾಂಗವೂ ಮುಂಗಂಡಿರಲಿಲ್ಲ.

ಇಷ್ಟು ಕೇಳಿದೊಡನೆ ಎದುರು ಪಕ್ಷದವರು ಎದ್ದು ನಿಲ್ಲುತ್ತಾರೆ. ಹಾಗಾದರೆ ಸಿಕ್ಕಿದಾಗ, ಅಗ್ಗವಿದ್ದಾಗ, ಒಂದೊಂದೇ ಭಾಗವನ್ನು ಕೊಂಡು ಕೂಡಿಡಬೇಕೆನ್ನುತ್ತಾರೆ. ಇವರು ಕಾಯುವವರಿಗಿಂತ ಜಾಣರೇನೂ ಅಲ್ಲ. ಯುಗಾದಿಗೆ ಕ್ಯಾಬಿನೆಟ್ಟು, ಆಷಾಢದ ರಿಯಾಯಿತಿಯಲ್ಲಿ ಮೆಮೊರಿ, ನವರಾತ್ರಿಗೆ ಮದರ್‌ಬೋರ್ಡು ಎಂದು ಕೊಂಡ ಒಬ್ಬ ಬಂಧುವಿನ ಮನೆಯಲ್ಲಿ ನಾನು ಕಂಡದ್ದಿಷ್ಟು: ಮೆಮೊರಿ ಡಿಡಿಆರ್4, ಬೋರ್ಡು ಡಿಡಿಆರ್5. ಒಂದರ ಗಾಡಿಯಲ್ಲಿ ಇನ್ನೊಂದು ಕೂರುವುದೇ ಇಲ್ಲ. ಸೀಳಿನ ಸ್ಥಾನವೇ ಬೇರೆ. ಅಂಗಡಿಯವನು ಹಿಂದಕ್ಕೆ ಪಡೆಯುವ ಅವಧಿ ಮುಗಿದು ತಿಂಗಳುಗಳಾಗಿದ್ದವು. ಭಾಗಗಳು ಹೊಂದಿಕೊಂಡರೂ ಇನ್ನೊಂದು ನಷ್ಟ ತಪ್ಪದು: ವಾರಂಟಿಯ ಗಡಿಯಾರ ಸಾಮಾನ್ಯವಾಗಿ ಬಿಲ್ಲಿನ ತಾರೀಖಿನಿಂದಲೇ ಓಡತೊಡಗುತ್ತದೆ, ಪೆಟ್ಟಿಗೆ ಬಿಚ್ಚಿದ ದಿನದಿಂದಲ್ಲ. ಪ್ರೊಸೆಸರ್ ಇಲ್ಲದೆ ಬೋರ್ಡನ್ನು ಪರೀಕ್ಷಿಸಲಾಗದು, ಎಸ್‌ಎಂಪಿಎಸ್ ಇಲ್ಲದೆ ಯಾವುದನ್ನೂ ಪರೀಕ್ಷಿಸಲಾಗದು. ಕೆಟ್ಟ ಭಾಗವೊಂದು ಕಪಾಟಿನಲ್ಲಿ ಎಂಟು ತಿಂಗಳು ಒಳ್ಳೆಯ ಭಾಗದಂತೆಯೇ ಕುಳಿತಿರುತ್ತದೆ. ಬಳಕೆಗೆ ಬಾರದ್ದನ್ನು ಕೂಡಿಹಾಕುವುದಕ್ಕೆ ನಮ್ಮ ಶ್ರಾವಕಾಚಾರದಲ್ಲಿ ಯಾವ ಹೆಸರಿದೆಯೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ.

ಆದರೆ ನನ್ನ ಮುಖ್ಯ ಜಗಳ ಕಾಯುವವರೊಡನೆಯೇ. ಕೂಡಿಡುವವನ ದೋಷ ಕಪಾಟಿನಲ್ಲಿ ಕಾಣುತ್ತದೆ. ಕಾಯುವವನ ದೋಷ ಸದ್ಗುಣದ ವೇಷ ತೊಟ್ಟಿರುತ್ತದೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿಗಳು ಪರಿಗ್ರಹದ ಲಕ್ಷಣವನ್ನು ಹೇಳುವಾಗ ಹಿಡಿದದ್ದು ವಸ್ತುವನ್ನಲ್ಲ, ಮನಸ್ಸಿನ ಮೂರ್ಛೆಯನ್ನು. ಆರು ತಿಂಗಳ ಕಾಲ ರಾತ್ರಿ ಮಲಗುವ ಮುನ್ನ ಬೆಲೆಪಟ್ಟಿ ನೋಡಿ, ಬರಲಿರುವ ಪ್ರೊಸೆಸರಿನ ಗುಣಗಾನ ಓದಿ, ನೆರೆಯವನು ಕೊಂಡ ಕಾರ್ಡಿನೊಡನೆ ತನ್ನ ಕನಸಿನ ಕಾರ್ಡನ್ನು ತೂಗಿ ನೋಡುವವನ ಬಳಿ ಒಂದು ಸ್ಕ್ರೂ ಕೂಡ ಇಲ್ಲದಿರಬಹುದು. ಅವನನ್ನು ಅಪರಿಗ್ರಹಿ ಎನ್ನುವುದು ಹೇಗೆ? ಒಂದು ದಿನ ಕೊಂಡು, ಜೋಡಿಸಿ, ಮರೆತು, ಕೆಲಸಕ್ಕೆ ಕುಳಿತವನಿಗಿಂತ ಅವನ ಹೊರೆ ಹೆಚ್ಚಿನದು. ದಶಲಕ್ಷಣ ಪರ್ವದಲ್ಲಿ ಆಕಿಂಚನ್ಯದ ಪ್ರವಚನ ಕೇಳಿ ಬಂದು, ಕೆಲವೇ ವಾರಗಳಲ್ಲಿ ಹಬ್ಬದ ಮಾರಾಟದ ಜಾಹೀರಾತಿಗೆ ಮೊಬೈಲಿನಲ್ಲಿ ಎಚ್ಚರಿಕೆಯ ಗಂಟೆ ಇಟ್ಟುಕೊಳ್ಳುವ ನಾವು ಯಾರನ್ನು ವಂಚಿಸುತ್ತಿದ್ದೇವೆ?

ಹಾಗಾದರೆ ಯಾವಾಗ ಕೊಳ್ಳಬೇಕು? ಕೆಲಸದ ದಿನಾಂಕವನ್ನು ಮೊದಲು ಗೊತ್ತುಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಉತ್ತರ ತಾನಾಗಿ ಸಿಗುತ್ತದೆ. ಮಗಳ ತರಗತಿ ಜುಲೈಯಲ್ಲಿ ಆರಂಭವಾಗುವುದಾದರೆ ಜೂನಿನ ಮೊದಲ ವಾರ ಪಟ್ಟಿ ಸಿದ್ಧವಾಗಲಿ. ಎಲ್ಲ ಭಾಗಗಳೂ ಒಂದೇ ವಾರದಲ್ಲಿ ಮನೆಗೆ ಬರಲಿ. ಬಂದ ದಿನವೇ ಜೋಡಿಸಿ ನಾಲ್ಕಾರು ದಿನ ಬಿಡದೆ ಓಡಿಸಿ ನೋಡಿದರೆ, ಕೆಟ್ಟದ್ದು ಹಿಂದಿರುಗಿಸುವ ಅವಧಿಯೊಳಗೇ ಬಯಲಾಗುತ್ತದೆ. ಕೆಲಸವಿಲ್ಲದವನು ಕೊಳ್ಳಬೇಕಾಗಿಯೇ ಇಲ್ಲ. ಅವನು ಕಾಯುತ್ತಲೂ ಇಲ್ಲ, ಸುಮ್ಮನಿದ್ದಾನೆ ಅಷ್ಟೇ. ಹೊಸ ತಲೆಮಾರಿನ ಮಾರಾಟದ ತಾರೀಖನ್ನು ಕಂಪನಿಯೇ ಪ್ರಕಟಿಸಿದ್ದು, ಅದಕ್ಕೆ ಎರಡು ಮೂರು ವಾರಗಳಷ್ಟೇ ಉಳಿದಿದ್ದರೆ ತಡೆಯುವುದು ವಿವೇಕ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ವದಂತಿಯನ್ನು ನಂಬಿ ತಡೆಯುವುದು ಬೇರೆಯ ಮಾತು.

ಒಂದು ಭಾಗ ಮಾತ್ರ ವಿಪರೀತ ದುಬಾರಿಯಾದಾಗ ಇಡೀ ಯಂತ್ರವನ್ನು ನಿಲ್ಲಿಸುವುದೂ ನಾವು ಮಾಡಿದ ತಪ್ಪೇ. ಮನೆಯಲ್ಲಿ ಜೋಡಿಸಿದ ಯಂತ್ರದ ಹೆಚ್ಚುಗಾರಿಕೆ ಇರುವುದು ಅದನ್ನು ಅರ್ಧದಿಂದ ಆರಂಭಿಸಬಹುದೆಂಬಲ್ಲಿ. ಗ್ರಾಫಿಕ್ಸ್ ಕಾರ್ಡಿನ ಬೆಲೆ ಏರಿದ್ದರೆ, ಗ್ರಾಫಿಕ್ಸನ್ನು ಒಳಗೇ ಅಡಕಮಾಡಿಕೊಂಡ ಪ್ರೊಸೆಸರನ್ನು ಕೊಂಡರಾಯಿತು. ಬರಹ, ಲೆಕ್ಕ, ಚಿತ್ರಗಳ ಸ್ಕ್ಯಾನಿಂಗ್‌ಗೆ ಅದು ಧಾರಾಳ. ಮೆಮೊರಿ ದುಬಾರಿಯಾದರೆ ಎರಡು ಗಾಡಿಗಳಲ್ಲಿ ಒಂದಕ್ಕೆ ಮಾತ್ರ ತುಂಬಿ ಇನ್ನೊಂದನ್ನು ಖಾಲಿ ಬಿಡಬಹುದು. ವೇಗ ತುಸು ಕುಗ್ಗೀತು, ಕೆಲಸ ನಿಲ್ಲದು. ಬೋರ್ಡನ್ನು ಆರಿಸುವಾಗ ಮಾತ್ರ ದೂರದೃಷ್ಟಿ ಬೇಕು. 2017ರಲ್ಲಿ ಎಎಂ4 ಸಾಕೆಟ್ಟಿನ ಬೋರ್ಡು ಕೊಂಡ ಹಲವರು ಬಯಾಸ್ ನವೀಕರಿಸಿಕೊಂಡು ಅದೇ ಬೋರ್ಡಿನಲ್ಲಿ 2020ರ ಪ್ರೊಸೆಸರನ್ನು ಕೂರಿಸಿಕೊಂಡರು. ಉಳಿದ ಯಾವುದನ್ನೂ ಎಸೆಯಬೇಕಾಗಲಿಲ್ಲ. ಅವರು ಒಳ್ಳೆಯ ಸಮಯಕ್ಕಾಗಿ ಕಾದವರಲ್ಲ. ತಮಗೆ ಬೇಕಾದಾಗ ಕೊಂಡು, ಮುಂದಕ್ಕೆ ಬಾಗಿಲೊಂದನ್ನು ತೆರೆದಿಟ್ಟುಕೊಂಡವರು.

2025ರ ಮಧ್ಯದಲ್ಲಿ ಮೆಮೊರಿ ಕೊಂಡವನು ಲಾಭ ಮಾಡಿಕೊಂಡನೆಂದೂ, 2021ರಲ್ಲಿ ಗ್ರಾಫಿಕ್ಸ್ ಕಾರ್ಡು ಕೊಂಡವನು ಮೋಸಹೋದನೆಂದೂ ಆಡಿಕೊಳ್ಳುವವರು ಯಾವಾಗಲೂ ಇರುತ್ತಾರೆ. ಇರಲಿ. ಅದು ಅದೃಷ್ಟದ ಲೆಕ್ಕ. ಬಸದಿಯ ಲೆಕ್ಕಪತ್ರದಲ್ಲಿ ನಾವು 2019ರಲ್ಲಿ ಉಳಿಸಿದ 38,000 ರೂಪಾಯಿ ಹಾಗೆಯೇ ಠೇವಣಿಯಲ್ಲಿ ಕಾಣುತ್ತದೆ, ಅದರ ಬಡ್ಡಿಯೂ ಕಾಣುತ್ತದೆ. ಅಧ್ಯಾಪಕರ ಎರಡೂವರೆ ವರ್ಷದ ಮಧ್ಯಾಹ್ನಗಳನ್ನು ಬರೆಯಲು ಆ ಪುಸ್ತಕದಲ್ಲಿ ಅಂಕಣವಿಲ್ಲ.

ಹೊಸ ಯಂತ್ರ ಕೊನೆಗೆ 2022ರಲ್ಲಿ ಬಂತು. ಪಟ್ಟಿಯ ಕೆಲಸವನ್ನು ಪದವಿ ವಿದ್ಯಾರ್ಥಿನಿಯೊಬ್ಬಳು ಮೊದಲಿನಿಂದ ಹಿಡಿದಿದ್ದಾಳೆ. ವಾರಕ್ಕೊಮ್ಮೆ ಎರಡು ಕಡೆ ಪ್ರತಿ ತೆಗೆದಿಡುತ್ತಾಳೆ. ಓದಲಾಗದ ಗರಿಗಳ ಎದುರಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗುತ್ತಾಳೆ. ಆ ಗರಿಗಳ ಛಾಯಾಚಿತ್ರಗಳನ್ನು ಇಡಲು ಇನ್ನೊಂದು ದೊಡ್ಡ ಡಿಸ್ಕ್ ಬೇಕೆಂದು ಅವಳು ಬರೆದುಕೊಟ್ಟ ಕೋರಿಕೆ ಮುಂದಿನ ಸಭೆಗೆ ಬರಲಿದೆ. ಬೆಲೆ ಏರಿದೆ, ಸ್ವಲ್ಪ ತಡೆಯೋಣ ಎಂದು ಈಗಾಗಲೇ ಇಬ್ಬರು ಸದಸ್ಯರು ನನಗೆ ಫೋನು ಮಾಡಿದ್ದಾರೆ.