ಮನೆಯ ಪಾಠ: ತಿಳಿಯದ ಪದ

ಓದುತ್ತಿರುವ ಮಗುವಿಗೆ ತಿಳಿಯದ ಪದವೊಂದು ಎದುರಾದರೆ, ಪುಸ್ತಕದಿಂದ ತಲೆಯೆತ್ತಿ ಹಿರಿಯರನ್ನು ಕೇಳುವುದು ವಾಡಿಕೆ. ಹಿರಿಯರು ಕೈಗೆಲಸ ಕೆಡಬಾರದೆಂದು ಥಟ್ಟನೆ ಅರ್ಥವನ್ನು ಹೇಳಿಬಿಡುವರು. ಅದರಿಂದ ಆ ಪುಟವೇನೋ ಸಾಗುವುದು. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಹೇಳಿಕೊಡುವವರಾರು? ಪದವನ್ನು ತಾನೇ ಬಿಡಿಸಲರಿಯದ ಮಗುವು ಕ್ರಮೇಣ ಕಠಿನವಾದ ಪುಸ್ತಕಗಳನ್ನೇ ದೂರವಿಡುವುದು. ಆದುದರಿಂದ ಅರ್ಥಕ್ಕಿಂತ ಮೊದಲು ಅರ್ಥಕ್ಕೆ ಹೋಗುವ ದಾರಿಯನ್ನು ತೋರಿಸತಕ್ಕದ್ದು.

“ಮಳೆಗಾಲದಲ್ಲಿ ಹೆದ್ದೊರೆಯು ದಡ ಮೀರಿ ಹರಿಯಿತು” ಎಂಬ ವಾಕ್ಯವನ್ನು ನೋಡೋಣ. ‘ಹೆದ್ದೊರೆ’ ಎಂದರೇನೆಂದು ಬಾಲಕನು ಕೇಳಿದರೆ, ಮೊದಲು ವಾಕ್ಯವನ್ನು ಕೊನೆಯವರೆಗೂ ಓದಿಸಬೇಕು. ಬಳಿಕ, ಆ ಪದದಲ್ಲಿ ಅವನು ಬಲ್ಲ ಭಾಗವೇನಾದರೂ ಉಂಟೇ ಎಂದು ಕೇಳಬೇಕು. ಹೆಬ್ಬೆರಳು, ಹೆಬ್ಬಾಗಿಲು, ಹೆಮ್ಮರ ಇವುಗಳನ್ನು ನೆನಪಿಗೆ ತಂದರೆ, ಮೊದಲ ಭಾಗಕ್ಕೆ ‘ಹಿರಿದು’ ಎಂದರ್ಥವೆಂದು ತಾನೇ ಕಂಡುಕೊಳ್ಳುವನು. ಉಳಿದುದು ‘ದೊರೆ’. ಹಾಗಾದರೆ ದೊಡ್ಡ ಅರಸನೆಂದು ಅವನು ಹೇಳಬಹುದು. ಆಗ ನಗಬಾರದು, ಗದರಿಸಲೂ ಬಾರದು. “ಅರಸನು ದಡ ಮೀರಿ ಹರಿಯುವನೇ?” ಎಂದಷ್ಟೇ ಕೇಳಿದರೆ ಸಾಕು, ಊಹೆ ಸಲ್ಲದೆಂಬುದನ್ನು ವಾಕ್ಯವೇ ತಿಳಿಸುವುದು.

ಅದೇ ವಾಕ್ಯದಲ್ಲಿ ಇನ್ನೊಂದು ಸುಳಿವೂ ಉಂಟು. ಮಳೆ, ಕಾಲ ಎಂಬೆರಡು ಪದಗಳು ಕೂಡಿ ‘ಮಳೆಗಾಲ’ವಾದಾಗ ಕಕಾರವು ಗಕಾರವಾಯಿತು. ಬೆಟ್ಟ, ತಾವರೆ ಕೂಡಿದರೆ ತಕಾರವು ದಕಾರವಾಗಿ ‘ಬೆಟ್ಟದಾವರೆ’ ಎನಿಸುವುದು. ವ್ಯಾಕರಣದಲ್ಲಿ ಇದಕ್ಕೆ ಆದೇಶಸಂಧಿಯೆಂದು ಹೆಸರು. ಇಷ್ಟು ತೋರಿಸಿದರೆ ‘ದೊರೆ’ಯ ಹಿಂದಿರುವ ‘ತೊರೆ’ಯನ್ನು ಹುಡುಗನೇ ಹಿಡಿಯುವನು: ಹಿರಿದಾದ ತೊರೆ, ಎಂದರೆ ದೊಡ್ಡ ನದಿ. ಹೀಗೆ ದುಡಿದು ಪಡೆದ ಅರ್ಥವು ಸುಲಭವಾಗಿ ಮರೆಯದು.

ನಿಘಂಟು ಬೇಡವೆಂದು ನಾವು ಹೇಳುವುದಿಲ್ಲ. 1894ರಲ್ಲಿ ಪ್ರಕಟವಾದ ಕಿಟ್ಟೆಲರ ಕೋಶವೂ, 1970ರಿಂದ 1995ರ ವರೆಗೆ 8 ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟೂ ನಮ್ಮ ನಿಧಿಗಳೇ ಸರಿ. ಈಗಲಂತೂ ಮೊಬೈಲಿನಲ್ಲಿಯೂ ಅರ್ಥ ದೊರೆಯುವುದು. ಆದರೆ ಪದವನ್ನು ಬಿಡಿಸಲರಿಯದವನು ‘ತೊರೆ’ಯನ್ನು ಹುಡುಕಬೇಕಾದಲ್ಲಿ ‘ದೊರೆ’ಯನ್ನು ಹುಡುಕಿ ಮೋಸಹೋಗುವನು. ಮೊದಲು ಊಹೆ, ಅದನ್ನು ಒರೆಗೆ ಹಚ್ಚಲು ನಿಘಂಟು.

ಒಂದು ಎಚ್ಚರಿಕೆ. ‘ನಿರ್ಜನ’, ‘ನಿರ್ಭಯ’ಗಳಲ್ಲಿ ‘ನಿರ್’ ಎಂಬುದು ಇಲ್ಲವೆಂಬುದನ್ನು ಸೂಚಿಸುವುದು, ‘ನಿರ್ಮಾಣ’ದಲ್ಲಿ ಹಾಗಲ್ಲ. ಎಲ್ಲ ಪದಗಳೂ ಒಂದೇ ಬೀಗದ ಕೈಗೆ ತೆರೆಯವು. ಬಿಡಿಸಲಾಗದ ಪದವಾದರೆ ಮಗುವನ್ನು ಕಾಡಿಸದೆ ಅರ್ಥವನ್ನು ಹೇಳುವುದೇ ಲೇಸು. ಒಂದು ದಿನದ ಓದಿನಲ್ಲಿ ಇಂತಹ ಒಂದೆರಡು ಪದಗಳಾದರೆ ಸಾಕು. ಹೆಚ್ಚಾದರೆ ಕಥೆಯ ರುಚಿ ಕೆಡುವುದು.