ಜಲಾಲಾಬಾದ್ ಬೀಳಲಿಲ್ಲ

ಜಲಾಲಾಬಾದ್ ಎಂದರೆ ಆಫ್ಘನ್ನರಿಗೆ ನೆನಪಾಗುವುದು ಕಿತ್ತಳೆ ಹೂವು. ಕಾಬೂಲಿನಲ್ಲಿ ಹಿಮ ಸುರಿಯುವಾಗಲೂ ಇಲ್ಲಿ ಹಿತವಾದ ಹವೆ. ಹಿಂದಿನ ಅರಸರು ಚಳಿಗಾಲ ಕಳೆಯಲು ಈ ಊರಿಗೆ ಬರುತ್ತಿದ್ದರು. ಭಾರತೀಯರಾದ ನಮಗೆ ಅದರ ನಂಟು ಬೇರೆ: ಸರಹದ್ದಿನ ಗಾಂಧಿ ಖಾನ್ ಅಬ್ದುಲ್ ಗಫಾರ್ ಖಾನ್ ಮಣ್ಣಾಗಿರುವುದು ಅಲ್ಲಿ. 1988ರ ಜನವರಿಯಲ್ಲಿ ಪೆಶಾವರದಲ್ಲಿ ತೀರಿಕೊಂಡ ಆ ಹಿರಿಯರ ದೇಹವನ್ನು ಖೈಬರ್ ಕಣಿವೆ ದಾಟಿಸಿ ಒಯ್ಯುವಾಗ ಕದನವಿರಾಮ ಘೋಷಣೆಯಾಗಿತ್ತು. ಅಷ್ಟಾದರೂ ದಫನಿನ ಹೊತ್ತಿನಲ್ಲೇ ಬಾಂಬು ಸಿಡಿದು ಹಲವರು ಸತ್ತರು, ಹಲವರು ಗಾಯಗೊಂಡರು. ಮುಂದಿನ ವರ್ಷದ ಮಾರ್ಚ್ ಹೊತ್ತಿಗೆ ಆ ಊರೇ ಯುದ್ಧದ ಬಾಯಿಗೆ ಬಿತ್ತು.

1989ರ ಫೆಬ್ರವರಿ 15ರಂದು ಸೋವಿಯತ್ ಸೇನೆಯ ಕೊನೆಯ ತುಕಡಿ ಅಮು ದರಿಯಾ ನದಿ ದಾಟಿ ಆಫ್ಘಾನಿಸ್ತಾನದಿಂದ ಹೊರಟುಹೋಯಿತು. ಇನ್ನು ಸೋವಿಯತ್ ಬೆಂಬಲದಿಂದ ನಿಂತಿದ್ದ ಕಾಬೂಲಿನ ನಜೀಬುಲ್ಲಾ ಸರ್ಕಾರ ಕೆಲವೇ ತಿಂಗಳು ಎಂದು ಅಮೆರಿಕದ ಗುಪ್ತಚರರು ಲೆಕ್ಕ ಹಾಕಿ ಕೂತಿದ್ದರು. ಅಮೆರಿಕ ಕಾಬೂಲಿನ ತನ್ನ ರಾಯಭಾರ ಕಚೇರಿಗೆ ಆಗಲೇ ಬೀಗ ಜಡಿದಿತ್ತು. ಆ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ, ಪೆಶಾವರದಲ್ಲಿ ಬೀಡುಬಿಟ್ಟಿದ್ದ ಏಳು ಮುಜಾಹಿದೀನ್ ಪಕ್ಷಗಳು ರಾವಲ್ಪಿಂಡಿಯಲ್ಲಿ ಸಭೆ ಸೇರಿ ಒಂದು ಮಧ್ಯಂತರ ಸರ್ಕಾರವನ್ನೂ ರಚಿಸಿದವು. ಮುಜದ್ದಿದಿ ಅಧ್ಯಕ್ಷರು, ಸಯ್ಯಾಫ್ ಪ್ರಧಾನಿ. ಇರಾನಿನಲ್ಲಿ ನೆಲೆಸಿದ್ದ ಶಿಯಾ ಪಕ್ಷಗಳಿಗೆ ಅದರಲ್ಲಿ ಪಾಲಿಲ್ಲ. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿದಾಗಿತ್ತು. ಸರ್ಕಾರವುಂಟು, ಮಂತ್ರಿಗಳುಂಟು, ಕೂರಲು ತಮ್ಮ ನೆಲದಲ್ಲಿ ಒಂದು ಪಟ್ಟಣವಿಲ್ಲ. ಗಡಿಗೆ ಹತ್ತಿರದ, ಪೆಶಾವರ–ಕಾಬೂಲ್ ಹೆದ್ದಾರಿಯ ಮೇಲಿನ ನಂಗರ್‌ಹಾರ್ ಪ್ರಾಂತ್ಯದ ರಾಜಧಾನಿ ಜಲಾಲಾಬಾದ್ ಕಣ್ಣಿಗೆ ಬಿದ್ದದ್ದು ಹೀಗೆ.

ಬಿದ್ದದ್ದು ಯಾರ ಕಣ್ಣಿಗೆ ಎಂಬುದೂ ಮುಖ್ಯ. ಈ ದಾಳಿಯ ಹಿಂದಿನ ಒತ್ತಾಸೆ ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್‌ಐನದು, ಅದರ ಮುಖ್ಯಸ್ಥ ಹಮೀದ್ ಗುಲ್ ಅವರದು. ದಾಳಿಗೆ ಒಪ್ಪಿಗೆ ಸಿಕ್ಕಿದ ಇಸ್ಲಾಮಾಬಾದಿನ ಸಭೆಯಲ್ಲಿ ಒಬ್ಬ ಆಫ್ಘನ್ನನೂ ಇರಲಿಲ್ಲ ಎಂದು ಅಮೆರಿಕದ ಪತ್ರಿಕೆಗಳೇ ಆಗ ಬರೆದವು. ಮುಜಾಹಿದೀನ್ ಕಮಾಂಡರ್ ಅಬ್ದುಲ್ ಹಕ್‌ರಂಥ ಅನುಭವಿಗಳಿಗೆ ಈ ಯೋಜನೆ ಹಿಡಿಸಲೇ ಇಲ್ಲ. ಬೆಟ್ಟದ ಸಂದಿಯಲ್ಲಿ ಅವಿತು, ಹೊಡೆದು, ಮಾಯವಾಗುವುದರಲ್ಲಿ ಪಳಗಿದವರನ್ನು ಬಟಾಬಯಲಿನಲ್ಲಿ ನಿಲ್ಲಿಸಿ, ನೆಲಬಾಂಬು ಹೂತ ಹೊಲಗಳನ್ನು ದಾಟಿ ಊರು ಗೆಲ್ಲಿ ಎಂದರೆ ಅವರಾದರೂ ಏನು ಮಾಡಬೇಕು?

ಮಾರ್ಚ್ ಮೊದಲ ವಾರ ದಾಳಿ ಶುರುವಾಯಿತು. ಊರಿನ ಹೊರಗಿನ ಸಮರ್‌ಖೇಲ್ ಠಾಣೆ ಬೇಗನೆ ಕೈಗೆ ಬಂತು, ಹೋರಾಟಗಾರರು ವಿಮಾನ ನಿಲ್ದಾಣದವರೆಗೂ ನುಗ್ಗಿದರು. ಅಲ್ಲಿಗೆ ನಿಂತಿತು. ಒಂದು ಪಕ್ಷ ಮುಂದೆ ಹೋದಾಗ ಇನ್ನೊಂದು ಹಿಂದೆಯೇ ಉಳಿಯುತ್ತಿತ್ತು. ಪಕ್ಷದ ನಾಯಕರಲ್ಲಿ ಹೆಕ್ಮತ್ಯಾರ್ ಮಾತನ್ನು ಖಾಲಿಸ್ ಕಡೆಯವರು ಕೇಳುವುದಿಲ್ಲ, ಅವರ ಮಾತನ್ನು ಇವರು ಕೇಳುವುದಿಲ್ಲ. ಬಿನ್ ಲಾಡೆನ್‌ನ ಅರಬ್ ತಂಡದವರೂ ಬಂದು ಅಲ್ಲಿ ಬಹಳ ಮಂದಿಯನ್ನು ಕಳೆದುಕೊಂಡರು. ಆಕಾಶದಿಂದ ಸರ್ಕಾರದ ವಿಮಾನಗಳು, ಕಾಬೂಲಿನ ಕಡೆಯಿಂದ ನೂರಾರು ಸ್ಕಡ್ ಕ್ಷಿಪಣಿಗಳು. ಸೋವಿಯತ್ ಸೈನಿಕರು ಹೋಗಿದ್ದರೂ ಸೋವಿಯತ್ ಮದ್ದುಗುಂಡು ಬರುವುದು ನಿಂತಿರಲಿಲ್ಲ. ಈ ನಡುವೆ ಊರಿನ ಮೇಲೆ ಬಿದ್ದ ರಾಕೆಟ್ಟುಗಳಿಗೆ ಸಿಪಾಯಿ ಯಾರು, ತರಕಾರಿ ಮಾರುವವನು ಯಾರು ಎಂಬ ಭೇದವಿರಲಿಲ್ಲ. ಸಾವಿರಾರು ಸಂಸಾರಗಳು ಗಂಟುಮೂಟೆ ಕಟ್ಟಿ ಹೊರಟವು.

ಮದ್ದುಗುಂಡು, ಕ್ಷಿಪಣಿ, ಒಳಜಗಳ ಎಲ್ಲವೂ ಸೋಲಿಗೆ ಕಾರಣಗಳೇ, ನಿಜ. ಆದರೆ ನನ್ನ ಮಟ್ಟಿಗೆ ಆ ಯುದ್ಧ ಸೋತದ್ದು ಬೇರೆ ಕಡೆ. ಆರಂಭದಲ್ಲೇ ಶರಣಾದ ಸರ್ಕಾರಿ ಸೈನಿಕರಲ್ಲಿ ಹಲವರನ್ನು ಕೊಂದುಹಾಕಲಾಯಿತು. ಸುದ್ದಿ ಊರೊಳಗಿನ ಪಡೆಗೆ ತಲುಪಲು ಎಷ್ಟು ಹೊತ್ತು ಬೇಕು? ಆ ಸೈನಿಕರಲ್ಲಿ ಅನೇಕರು ಬಲವಂತಕ್ಕೆ ಭರ್ತಿಯಾದವರು, ನಜೀಬುಲ್ಲಾ ಮೇಲೆ ಅವರಿಗೇನೂ ಪ್ರಾಣಪ್ರೀತಿ ಇರಲಿಲ್ಲ. ಗುಪ್ತಚರ ಸಂಸ್ಥೆ ಖಾದ್‌ನ ಮುಖ್ಯಸ್ಥನಾಗಿ ಆತ ಗಳಿಸಿದ ಕೆಟ್ಟ ಹೆಸರು ಎಲ್ಲರಿಗೂ ಗೊತ್ತಿತ್ತು. ಸಮಯ ನೋಡಿ ಬಂದೂಕು ಬಿಸಾಕಿ ಮನೆ ಸೇರಬೇಕೆಂದಿದ್ದವರಿಗೆ, ಬಿಸಾಕಿದರೂ ಸಾವೇ ಎಂದು ಗೊತ್ತಾದ ಮೇಲೆ ಉಳಿದದ್ದು ಕಾದಾಡುವುದೊಂದೇ. ಮುಳುಗುವ ಹಡಗು ಎಂದು ಎಲ್ಲರೂ ಕರೆದಿದ್ದ ಸರ್ಕಾರಕ್ಕೆ ಅದರ ವೈರಿಗಳೇ ಹೀಗೆ ಒಂದು ಸೈನ್ಯ ಕಟ್ಟಿಕೊಟ್ಟರು.

ಮೇ ತಿಂಗಳಲ್ಲಿ ಪಾಕಿಸ್ತಾನದ ಪ್ರಧಾನಿ ಬೆನಜೀರ್ ಭುಟ್ಟೊ ಹಮೀದ್ ಗುಲ್‌ರನ್ನು ಐಎಸ್‌ಐನಿಂದ ಎತ್ತಂಗಡಿ ಮಾಡಿದರು. ಬೇಸಿಗೆ ಮುಗಿಯುವುದರೊಳಗೆ ಸಮರ್‌ಖೇಲ್ ಕೂಡ ಸರ್ಕಾರದ ವಶಕ್ಕೆ ಮರಳಿತು. ಸತ್ತವರ ಲೆಕ್ಕ ಸಾವಿರಗಳಲ್ಲಿ. ಕೆಲವು ತಿಂಗಳ ಆಯುಸ್ಸು ಎಂದಿದ್ದ ನಜೀಬುಲ್ಲಾ ಸರ್ಕಾರ ಮೂರು ವರ್ಷ ಬಾಳಿತು. ಬಾಳಿ, ಸೋವಿಯತ್ ಒಕ್ಕೂಟವೇ ಚೂರಾದದ್ದನ್ನೂ ಕಂಡಿತು. ಮಾಸ್ಕೋದ ನೆರವು ನಿಂತ ಮೇಲೆ, 1992ರ ಏಪ್ರಿಲ್‌ನಲ್ಲಿ, ತನ್ನವರೇ ಕೈಕೊಟ್ಟಾಗ ಬಿತ್ತು. ಆಗ ಭಾರತಕ್ಕೆ ಹೊರಟ ನಜೀಬುಲ್ಲಾರನ್ನು ಕಾಬೂಲ್ ವಿಮಾನ ನಿಲ್ದಾಣದ ದಾರಿಯಲ್ಲೇ ತಡೆದರು. ಹೆಂಡತಿ ಮಕ್ಕಳು ಮಾತ್ರ ದಿಲ್ಲಿಯಲ್ಲಿದ್ದರು. ವಿಶ್ವಸಂಸ್ಥೆಯ ಆವರಣದಲ್ಲಿ ನಾಲ್ಕೂವರೆ ವರ್ಷ ಅಡಗಿದ್ದವರನ್ನು 1996ರ ಸೆಪ್ಟೆಂಬರ್‌ನಲ್ಲಿ ತಾಲಿಬಾನ್ ಎಳೆದೊಯ್ದು ಕೊಂದು ನೇತುಹಾಕಿತು.

ಜಲಾಲಾಬಾದ್? ಅದೇ 1992ರ ಏಪ್ರಿಲ್‌ನಲ್ಲಿ ಮಾತುಕತೆಯಲ್ಲೇ ಮುಜಾಹಿದೀನ್‌ಗಳ ಕೈಸೇರಿತು. ಮತ್ತೆ 2021ರ ಆಗಸ್ಟ್ 15ರ ಬೆಳಿಗ್ಗೆ, ಒಂದು ಗುಂಡೂ ಹಾರದೆ ತಾಲಿಬಾನ್ ಊರೊಳಗೆ ಬಂತು. ಅಲ್ಲಿನ ರಾಜ್ಯಪಾಲರೇ ಶರಣಾಗಿದ್ದರು.